ಭೂಕಂಪದಲ್ಲಿ ಕರ್ತನಿರಲಿಲ್ಲ (1 ಅರಸುಗಳು 19)

ಬೈಬಲ್ ತೆಗೀರಿ, ಮೊಬೈಲ್‌ನಲ್ಲಾದ್ರೂ ಸರಿ. 1 ಅರಸುಗಳು 19.

2021 ಜನವರಿ 21 ನೆನಪಿದೆಯಾ? ಗುರುವಾರ ರಾತ್ರಿ, ಹತ್ತು ಗಂಟೆ ದಾಟಿತ್ತು. ಇಲ್ಲಿ ರವೀಂದ್ರನಗರದಲ್ಲಿ ಕಿಟಕಿಗಳು ನಡುಗಿದವು, ಭೂಕಂಪ ಅಂತ ಜನ ರಸ್ತೆಗೆ ಬಂದರು. ಭದ್ರಾವತಿಯಲ್ಲೂ ಹಾಗೇ. ಹುಣಸೋಡಿನ ಕಲ್ಲು ಕ್ವಾರಿ ಹತ್ತಿರ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತಿದ್ದಾರೆ ಅಂತ ಆಮೇಲೆ ಗೊತ್ತಾಯ್ತು. ನಾವೆಲ್ಲ ಒಂದು ವಾರ ಅದೇ ಮಾತಾಡಿ ಸುಮ್ಮನಾದೆವು. ಕೆಲವರ ದೇಹ ಸುಮ್ಮನಾಗಲಿಲ್ಲ.

ಆ ಕಡೆ ಮನೆಯಿದ್ದ ಒಬ್ಬ ತಮ್ಮ ಕೆಲವು ತಿಂಗಳಾದ ಮೇಲೆ ಬಂದು, "ಪಾಸ್ಟರ್, ಬಾಗಿಲು ಬಡಿದ್ರೂ ಎದೆ ಹೊಡ್ಕೊಳ್ಳುತ್ತೆ, ನಿದ್ದೆ ಇಲ್ಲ" ಅಂದ. ನಾನು ತಲೆ ಮೇಲೆ ಕೈಯಿಟ್ಟು ಭಯದ ಆತ್ಮವನ್ನು ಗದರಿಸಿ, "ನಂಬಿಕೆ ಇಡು" ಅಂತ ಕಳಿಸಿದೆ. ತಪ್ಪು ಮಾಡಿದೆ. ನಿದ್ದೆಯೂ ಬರಲಿಲ್ಲ, ಜೊತೆಗೆ ತನಗೆ ನಂಬಿಕೆ ಇಲ್ಲ ಅನ್ನೋ ಭಾರ ಬೇರೆ ಹೊತ್ತುಕೊಂಡು ಹೋದ.

ಇದಕ್ಕೆ ಪಿಟಿಎಸ್‌ಡಿ ಅಂತಾರೆ. ಅಪಾಯದಲ್ಲಿ ದೇಹ ಅಲಾರಾಂ ಬಾರಿಸೋದು ದೇವರು ಕೊಟ್ಟ ರಕ್ಷಣೆ. ಅಪಾಯ ಮುಗಿದರೂ ಅಲಾರಾಂ ನಿಲ್ಲದಿದ್ರೆ ಅದು ಗಾಯ. ನಡೆದದ್ದು ಕನಸಲ್ಲಿ, ಹಗಲಲ್ಲೇ ಮತ್ತೆ ನಡೆಯುತ್ತೆ; ಆ ರಸ್ತೆಗೇ ಹೋಗಲ್ಲ; ಸುಮ್ಸುಮ್ನೆ ಸಿಟ್ಟು, ಬೆಚ್ಚಿಬೀಳೋದು. ಬಹಳ ಜನಕ್ಕೆ ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತೆ. ಒಂದು ತಿಂಗಳು ದಾಟಿದ್ರೆ ಡಾಕ್ಟರ್ ನೋಡಬೇಕು. ಸ್ಫೋಟವೇ ಆಗಬೇಕಂತಿಲ್ಲ. ಬೈಕ್ ಅಪಘಾತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತದಿಂದಲೂ ಬರುತ್ತೆ. ಇಲ್ಲಿ ಕೂತವರಲ್ಲೂ ಇರಬಹುದು.

ಈಗ ಎಲೀಯನನ್ನು ನೋಡಿ. ಕರ್ಮೆಲಿನಲ್ಲಿ ಬೆಂಕಿ ಇಳಿಸಿದವನು, ಈಜೆಬೆಲಳ ಬೆದರಿಕೆಗೆ ಓಡಿ, ಗಿಡದ ಕೆಳಗೆ ಸಾವು ಕೇಳಿದ. ಅವನಿಗೆ ಈ ಕಾಯಿಲೆ ಇತ್ತು ಅಂತ ನಾನು ಹೇಳಲ್ಲ, ಬೈಬಲ್ ಹೇಳಿಲ್ಲ. ಆದ್ರೆ ದೇವರು ಏನು ಮಾಡಿದ? ನಂಬಿಕೆ ಎಲ್ಲಿ ಅಂತ ಗದರಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಹೋರೇಬಿನಲ್ಲಿ ಅವನು 10ನೇ ವಚನದಲ್ಲಿ ಹೇಳಿದ್ದನ್ನೇ 14ರಲ್ಲೂ ಹೇಳ್ತಾನೆ. ದೇವರು ಎರಡು ಸಲವೂ ಕೇಳಿಸಿಕೊಂಡ. ಭೂಕಂಪದಲ್ಲಿ ಅಲ್ಲ, ಮೆಲ್ಲನೆಯ ಸ್ವರದಲ್ಲಿ ಬಂದ. ಕೊನೆಗೆ ಜೊತೆಗಾರನಾಗಿ ಎಲೀಷನನ್ನು ಕೊಟ್ಟ.

ಚಿಕಿತ್ಸೆಯೂ ಹೀಗೇ ಮೆಲ್ಲನೆ. ತರಬೇತಾದ ಕೌನ್ಸೆಲರ್ ಆ ನೆನಪಿನ ಹತ್ತಿರಕ್ಕೆ ಸ್ವಲ್ಪ ಸ್ವಲ್ಪವಾಗಿ ಕರ್ಕೊಂಡು ಹೋಗ್ತಾರೆ. ಕೆಲವರಿಗೆ ಸರ್ಟ್ರಾಲಿನ್‌ನಂಥ ಮಾತ್ರೆ ಬೇಕಾಗುತ್ತೆ, ಕೆಲಸ ಮಾಡೋಕೆ ವಾರಗಳು ಹಿಡಿಯುತ್ತೆ. ಭಾನುವಾರ ಪ್ರಾರ್ಥನೆಯಾಯ್ತು ಅಂತ ಸೋಮವಾರ ಮಾತ್ರೆ ಬಿಡಬೇಡಿ. ಡಾಕ್ಟರ್ ಹೇಳಿದ ಮೇಲೆ ಬಿಡಿ. ಮೆಗ್ಗಾನ್ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇದೆ. 2022ರಿಂದ ಟೆಲಿ ಮಾನಸ್ ಇದೆ: 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸಿದ್ರೆ ಇವತ್ತೇ ಮಾಡಿ, ನನಗೂ ಹೇಳಿ.

ಇನ್ನು, ಯಾರನ್ನೂ ಸಾಕ್ಷಿ ಹೇಳು ಅಂತ ಮೈಕ್ ಮುಂದೆ ಎಳೀಬೇಡಿ.

ಆ ತಮ್ಮನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಆಸ್ಪತ್ರೆಗೆ ಇಬ್ಬರೂ ಒಟ್ಟಿಗೆ ಹೋದೆವು. ಈಗ ನಿದ್ದೆ ಬರುತ್ತೆ ಅಂತಾನೆ. ದೀಪಾವಳಿ ಮಾತ್ರ ಇನ್ನೂ ಕಷ್ಟ.

ಪ್ರಾರ್ಥಿಸೋಣ. ಕಣ್ಣು ಮುಚ್ಚಿದ್ರೆ ಭಯ ಆಗೋರು ತೆರೆದೇ ಇಟ್ಕೊಳ್ಳಿ.