ಕಂಟ್ರೋಲ್ ಲ್ಯಾಬ್‌ಗೆಲ್ಲ ಒಂದೇ ತಂತ್ರಾಂಶವೇ?

ಪ್ರಶ್ನೆ: ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬ್‌ನಲ್ಲಿ ಒಬ್ಬ ಮೇಷ್ಟ್ರು ಮ್ಯಾಟ್‌ಲ್ಯಾಬ್ ಅಂತಾರೆ, ಇನ್ನೊಬ್ಬರು ಸೈಲ್ಯಾಬ್ ಅಂತಾರೆ. ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಿಗೂ ಒಂದನ್ನೇ ಗೊತ್ತುಮಾಡಬಾರದೇ?

ಉತ್ತರ: ಒಂದು ವಿಭಾಗದೊಳಗೆ ಮಾಡಲೇಬೇಕು, ಎಲ್ಲ ಕಾಲೇಜುಗಳಿಗೂ ಬೇಡ. ತಂತ್ರಾಂಶಕ್ಕಿಂತ ಮೊದಲು ಗೊತ್ತಾಗಬೇಕಾದದ್ದು ಅಳತೆಯ ವ್ಯಾಖ್ಯೆ. ಸೆಟ್ಲಿಂಗ್ ಟೈಮನ್ನೇ ನೋಡಿ. ಔಟ್‌ಪುಟ್ ಕೊನೆಯ ಬೆಲೆಯಿಂದ ಶೇ. 2ಕ್ಕಿಂತ ಆಚೀಚೆ ಹೋಗದೆ ನಿಲ್ಲಬೇಕು ಎಂದು ಕೆಲವರು, ಶೇ. 5 ಸಾಕು ಎಂದು ಕೆಲವರು. ಡ್ಯಾಂಪಿಂಗ್ ರೇಶಿಯೊ 0.5, ನ್ಯಾಚುರಲ್ ಫ್ರೀಕ್ವೆನ್ಸಿ ಸೆಕೆಂಡಿಗೆ 4 ರೇಡಿಯನ್ ಇದ್ದರೆ ಮೊದಲನೆಯ ಸೂತ್ರಕ್ಕೆ 2 ಸೆಕೆಂಡು ಬರುತ್ತದೆ, ಎರಡನೆಯದಕ್ಕೆ 1.5. ನೀವು ಬೇರೆ ಹೇಳದಿದ್ದರೆ ಮ್ಯಾಟ್‌ಲ್ಯಾಬ್‌ನ ಸ್ಟೆಪ್‌ಇನ್ಫೋ ಶೇ. 2ನ್ನೇ ಹಿಡಿಯುತ್ತದೆ. ರೆಕಾರ್ಡ್ ಪುಸ್ತಕದಲ್ಲಿ 1.5 ಬರೆದುಕೊಂಡ ವಿದ್ಯಾರ್ಥಿ ಆಗ ಕಂಪ್ಯೂಟರನ್ನೇ ಬೈಯುತ್ತಾನೆ!

ವ್ಯಾಖ್ಯೆ ಒಂದಾದರೆ ಉತ್ತರವನ್ನು ಕೈಲೆಕ್ಕದಲ್ಲೇ ಪರೀಕ್ಷಿಸಬಹುದು. ಪೋಲ್‌ಗಳು 0, -2, -4ರಲ್ಲಿರುವ ವ್ಯವಸ್ಥೆಗೆ ರೌತ್ ಕೋಷ್ಟಕ ಬರೆದರೆ, ಗೇನ್ 48ಕ್ಕೆ ಮುಟ್ಟಿದಾಗ ಅದು ಸೆಕೆಂಡಿಗೆ ಸುಮಾರು 2.83 ರೇಡಿಯನ್ ವೇಗದಲ್ಲಿ ನಿಲ್ಲದೆ ತೂಗಾಡುತ್ತದೆ. ಈ 48 ಮ್ಯಾಟ್‌ಲ್ಯಾಬ್, ಸೈಲ್ಯಾಬ್, ಆಕ್ಟೇವ್, ಪೈಥಾನ್ ಯಾವುದರಲ್ಲೂ ಬದಲಾಗಕೂಡದು. ಲ್ಯಾಬ್ ಮ್ಯಾನುಯಲ್ ಇಂಥ ಸಂಖ್ಯೆಗಳ ಮೇಲೆ ನಿಲ್ಲಬೇಕು. 'ಈ ಮೆನು ಒತ್ತಿ, ಆ ಬಟನ್ ಒತ್ತಿ' ಎಂಬ ಪುಟಗಳು ಮುಂದಿನ ಆವೃತ್ತಿ ಬಂದೊಡನೆ ರದ್ದಿ.

ಆಯ್ಕೆ ನನ್ನದಾದರೆ ಮೊದಲ ಕೋರ್ಸಿಗೆ ಸೈಲ್ಯಾಬ್ ಅಥವಾ ಆಕ್ಟೇವ್. ಲೈಸೆನ್ಸ್ ದುಡ್ಡಿಲ್ಲ, ಹುಡುಗರು ಮನೆಯ ಲ್ಯಾಪ್‌ಟಾಪ್‌ಗೂ ಹಾಕಿಕೊಳ್ಳಬಹುದು. ಫ್ರಾನ್ಸಿನ ಇನ್ರಿಯಾದಲ್ಲಿ ಬೆಳೆದ ಸೈಲ್ಯಾಬ್‌ನ ಮೇಲೆ ಐಐಟಿ ಬಾಂಬೆ ಸಾಕಷ್ಟು ದುಡಿದಿದೆ. ಹೀಟರ್, ಫ್ಯಾನ್, ಉಷ್ಣಾಂಶ ಸೆನ್ಸರ್ ಇರುವ ಒಂದು ಸಣ್ಣ ಬೋರ್ಡನ್ನು ಸೈಲ್ಯಾಬ್‌ನಿಂದಲೇ, ಅದೂ ಇಂಟರ್‌ನೆಟ್ ಮೂಲಕ ದೂರದಿಂದ, ನಿಯಂತ್ರಿಸುವ ಪ್ರಯೋಗ ಅಲ್ಲಿಯದು. ಮಾದರಿಯ ಗೆರೆಗೂ ನಿಜವಾದ ಬಿಸಿಗೂ ಇರುವ ಅಂತರ ಅಲ್ಲಿ ಕಣ್ಣಿಗೆ ಬೀಳುತ್ತದೆ. ಬರೀ ಸಿಮ್ಯುಲೇಶನ್‌ನಲ್ಲಿ ಅದು ಸಿಗದು.

ಹಾಗೆಂದು ಮ್ಯಾಟ್‌ಲ್ಯಾಬ್‌ನ ಜೊತೆಗಾರ ಸಿಮ್ಯುಲಿಂಕ್ ಬಿಡಿ ಎನ್ನಲಾರೆ. ಬೆಂಗಳೂರಿನ ಆಟೊಮೋಟಿವ್ ಕಂಪನಿಗಳಲ್ಲಿ ಅದನ್ನೇ ಕೇಳುತ್ತಾರೆ. ಅದಕ್ಕೆ ಕೊನೆಯ ವರ್ಷದ ಐಚ್ಛಿಕ ವಿಷಯವಿದೆ. ಮತ್ತೆ, ಆರಿಸಿದ್ದು ಯಾವುದೇ ಇರಲಿ, ಸೆಮಿಸ್ಟರ್ ಮುಗಿಯುವವರೆಗೆ ಎಲ್ಲ ಯಂತ್ರಗಳಲ್ಲೂ ಒಂದೇ ಆವೃತ್ತಿ ಇರಲಿ. ಹೊಸ ಸಿಮ್ಯುಲಿಂಕ್‌ನಲ್ಲಿ ಉಳಿಸಿದ ಫೈಲನ್ನು ಹಳೆಯ ಆವೃತ್ತಿಗೆ ಎಕ್ಸ್‌ಪೋರ್ಟ್ ಮಾಡದೆ ತಂದರೆ, ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅದು ತೆರೆಯದೇ ಕೂರುತ್ತದೆ.