ಕಣಿವೆಯ ಹೊಲಕ್ಕೆ ಹಿಮ: ಮುನ್ಸೂಚನೆಯನ್ನು ನಿಮ್ಮ ತಾಕಿಗೆ ಇಳಿಸಿಕೊಳ್ಳುವುದು ಹೇಗೆ?

ನೀಲಗಿರಿಯ ಮೇಲ್ಮಟ್ಟದಲ್ಲಿ ಬೇಸಾಯ ಮಾಡುವವರಿಗೆ ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಕೆಲವು ರಾತ್ರಿಗಳು ನಿದ್ದೆ ಕೊಡುವುದಿಲ್ಲ. ಸಂಜೆ ಹಚ್ಚಗಿದ್ದ ಆಲೂಗಡ್ಡೆ ಮಡಿ ಬೆಳಗಾಗುವಷ್ಟರಲ್ಲಿ ಬೆಳ್ಳಗಾಗಿರುತ್ತದೆ, ಬಿಸಿಲೇರಿದ ಮೇಲೆ ಕಪ್ಪಗೆ ಜೋತುಬೀಳುತ್ತದೆ. ಚಹಾ ಗಿಡದ ಎಳೆ ಕುಡಿಗಳು ಬೆಂಕಿ ತಾಗಿದಂತೆ ಸೀದು ಹೋಗುತ್ತವೆ. 2019ರ ಜನವರಿಯಲ್ಲಿ ಊಟಿ ಸುತ್ತಮುತ್ತ ಮಾತ್ರವಲ್ಲ, ಕೇರಳದ ಮುನ್ನಾರ್‌ನಲ್ಲೂ ಚಹಾ ತೋಟಗಳು ಹೀಗೆಯೇ ಸುಟ್ಟವು. ಇಂಥ ಚಳಿ ಹೇಳದೆ ಕೇಳದೆ ಬರುವುದಿಲ್ಲ. ಅದು ಬರುವ ಸೂಚನೆ ಕೆಲವು ದಿನ ಮುಂಚೆಯೇ ಸಿಗುತ್ತದೆ. ಆದರೆ ಹವಾಮಾನ ಇಲಾಖೆ ಹೇಳುವ ಉಷ್ಣತೆ ಹವಾಮಾನ ಕೇಂದ್ರದ್ದು, ನಿಮ್ಮ ತಗ್ಗಿನ ಹೊಲದ್ದಲ್ಲ. ಇವೆರಡರ ನಡುವಿನ ಅಂತರವನ್ನು ಅಳೆದಿಟ್ಟುಕೊಂಡ ರೈತನಿಗೆ ಮಾತ್ರ ಮುನ್ಸೂಚನೆಯಿಂದ ಪೂರ್ತಿ ಪ್ರಯೋಜನ.

ಮೊದಲು, ಏನೇನು ಸಿಗುತ್ತದೆ ನೋಡೋಣ. ಭಾರತ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ನೋಟ ಕೊಡುತ್ತದೆ. ರಾತ್ರಿಯ ಉಷ್ಣತೆ ವಾಡಿಕೆಗಿಂತ ಕಡಿಮೆಯಾಗುವುದೋ ಹೆಚ್ಚಾಗುವುದೋ ಎಂಬ ಒಲವನ್ನಷ್ಟೇ ಅದು ತೋರಿಸುತ್ತದೆ. ನಾಟಿ ಮುಂದೂಡಲು, ಹೊದಿಕೆಗೆ ಸಾಮಗ್ರಿ ಹೊಂದಿಸಿಕೊಳ್ಳಲು ಅಷ್ಟು ಸಾಕು. ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಕೃಷಿ ಹವಾಮಾನ ಸಲಹೆ ಬರುತ್ತದೆ. ಅದರಲ್ಲಿ ಮುಂದಿನ ಐದು ದಿನಗಳ ಮೋಡ, ಗಾಳಿ, ತೇವಾಂಶ ಮತ್ತು ಕನಿಷ್ಠ ಉಷ್ಣತೆಯ ವಿವರವಿರುತ್ತದೆ. ‘ಮೇಘದೂತ್’ ಆ್ಯಪ್‌ನಲ್ಲಿ ಇದನ್ನು ಕನ್ನಡದಲ್ಲೂ ಓದಬಹುದು. ಇನ್ನು ನೀಲಗಿರಿ ಮತ್ತು ಕೊಡೈಕೆನಾಲ್ ಬೆಟ್ಟಗಳಲ್ಲಿ ನೆಲದ ಮೇಲೆ ಹಿಮಗಟ್ಟುವ ಸಂಭವವಿದ್ದರೆ ಚೆನ್ನೈನ ಪ್ರಾದೇಶಿಕ ಹವಾಮಾನ ಕೇಂದ್ರ ತನ್ನ ದಿನದ ವರದಿಯಲ್ಲಿ ಅದನ್ನು ಬೇರೆಯಾಗಿಯೇ ಹೇಳುತ್ತದೆ. ಬೆಟ್ಟದ ರೈತ ತಪ್ಪದೆ ನೋಡಬೇಕಾದ ಸಾಲು ಅದು.

ಇಲ್ಲೊಂದು ತಪ್ಪು ತಿಳಿವಳಿಕೆ ಅನೇಕರಿಗೆ ನಷ್ಟ ತಂದಿದೆ. ‘ಶೀತಗಾಳಿ ಎಚ್ಚರಿಕೆ ಇಲ್ಲ, ಹಾಗಾಗಿ ಹಿಮವೂ ಇಲ್ಲ’ ಎಂದು ನಿಶ್ಚಿಂತರಾಗುವವರಿದ್ದಾರೆ. ಇಲಾಖೆಯ ಲೆಕ್ಕದಲ್ಲಿ ಬೆಟ್ಟ ಪ್ರದೇಶದಲ್ಲಿ ಶೀತಗಾಳಿ ಎನ್ನಬೇಕಾದರೆ ಕನಿಷ್ಠ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗೆ ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು, ಜೊತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಕಡಿಮೆ ಇರಬೇಕು. ವ್ಯತ್ಯಾಸ 6.4 ಡಿಗ್ರಿ ದಾಟಿದರೆ ತೀವ್ರ ಶೀತಗಾಳಿ. ಆದರೆ ಕೇಂದ್ರದ ಥರ್ಮಾಮೀಟರ್ ಇರುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯೊಳಗೆ. ತಿಳಿಯಾದ, ಗಾಳಿಯಿಲ್ಲದ ರಾತ್ರಿ ಹುಲ್ಲಿನ ಮಟ್ಟದ ಉಷ್ಣತೆ ಅದಕ್ಕಿಂತ ಮೂರು-ನಾಲ್ಕು ಡಿಗ್ರಿ ಕೆಳಗಿರುವುದು ಸಾಮಾನ್ಯ. ಪೆಟ್ಟಿಗೆಯಲ್ಲಿ 3 ಡಿಗ್ರಿ ಇದ್ದಾಗಲೇ ಆಲೂಗಡ್ಡೆ ಎಲೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿರಬಹುದು. ಶೀತಗಾಳಿಯ ಹೆಸರೆತ್ತದ ರಾತ್ರಿಯೂ ಬೆಳೆ ಸುಡಬಲ್ಲದು.

ತಗ್ಗಿಗೆ ಹರಿಯುವ ಚಳಿ

ಎತ್ತರ ಹೆಚ್ಚಿದಂತೆ ಚಳಿ ಹೆಚ್ಚು ಎಂಬುದು ಹಗಲಿನ ಮಾತು. ತಿಳಿ ಆಕಾಶದ ರಾತ್ರಿ ಇದು ತಲೆಕೆಳಗಾಗುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ಇಳಿಜಾರಿನಲ್ಲಿ ನೀರಿನ ಹಾಗೆಯೇ ಮೆಲ್ಲಗೆ ಕೆಳಗೆ ಹರಿದು ಹಳ್ಳದ ಪಕ್ಕದಲ್ಲಿ, ಬಟ್ಟಲಿನಂಥ ತಗ್ಗಿನಲ್ಲಿ ನಿಲ್ಲುತ್ತದೆ. ಮೇಲೆ ಓರೆಯ ನಡುಮಟ್ಟದಲ್ಲಿ ಗಾಳಿ ಅದಕ್ಕಿಂತ ಬೆಚ್ಚಗಿರುತ್ತದೆ. ಊಟಿಯಲ್ಲಿ ಹಿಮದ ಸುದ್ದಿ ಬಂದಾಗಲೆಲ್ಲ ಕುದುರೆ ರೇಸಿನ ಮೈದಾನ, ಕಾಂದಲ್, ತಲೈಕುಂದಾ ಇವುಗಳ ಹೆಸರು ಮೊದಲು ಕೇಳಿಬರುವುದು ಇದೇ ಕಾರಣಕ್ಕೆ. ಎಲ್ಲವೂ ತಗ್ಗಿನ ಜಾಗಗಳು. ನೀಲಗಿರಿಯ ಹುಲ್ಲುಗಾವಲಲ್ಲಿ ಮರದ ಸಸಿಗಳು ಸುಲಭವಾಗಿ ನೆಲೆಯೂರದಿರುವುದಕ್ಕೆ ಹಿಮವೂ ಒಂದು ಕಾರಣವೆಂದು ಸಸ್ಯವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ.

ಹರಿಯುವ ಚಳಿಗೆ ದಾರಿ ಬೇಕು. ಹೊಲದ ಕೆಳಬದಿಯಲ್ಲಿ ಒತ್ತಾಗಿ ಬೇಲಿ ಗಿಡ ಬೆಳೆಸಿದರೆ ಅಥವಾ ಕಲ್ಲಿನ ಗೋಡೆ ಎತ್ತಿದರೆ ಚಳಿ ಅಲ್ಲಿಯೇ ಕಟ್ಟಿಕೊಳ್ಳುತ್ತದೆ, ಅದರ ಮೇಲ್ಬದಿಯ ನಾಲ್ಕಾರು ಸಾಲುಗಳು ಮೊದಲು ಸುಡುತ್ತವೆ. ಅಂಥ ಬೇಲಿಯಲ್ಲಿ ಅಲ್ಲಲ್ಲಿ ಕಂಡಿ ಬಿಡಿಸಿ. ಮೇಲ್ಬದಿಯ ಬೇಲಿಯನ್ನು ಮಾತ್ರ ಕಡಿಯಬೇಡಿ, ಅದು ಮೇಲಿನಿಂದ ಬರುವ ತಂಪನ್ನು ಪಕ್ಕಕ್ಕೆ ತಿರುಗಿಸುತ್ತದೆ. ನಿಮ್ಮ ಜಮೀನಿನಲ್ಲಿ ಚಳಿ ಯಾವ ಕಡೆ ಹರಿಯುತ್ತದೆಂದು ತಿಳಿಯಲು ಒಂದು ಊದುಬತ್ತಿ ಸಾಕು: ಗಾಳಿಯಿಲ್ಲದ ಸಂಜೆ ಕತ್ತಲಾದ ಮೇಲೆ ನೆಲದ ಹತ್ತಿರ ಹಿಡಿದು ಹೊಗೆ ಎತ್ತ ವಾಲುತ್ತದೆ ನೋಡಿ.

ನಿಮ್ಮದೇ ಒಂದು ಲೆಕ್ಕ

ಈ ಲೇಖನ ಓದಿ ಒಂದೇ ಒಂದು ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ. ರಾತ್ರಿಯ ಅತಿ ಕಡಿಮೆ ಉಷ್ಣತೆಯನ್ನು ಗುರುತು ಹಿಡಿದಿಡುವ ಥರ್ಮಾಮೀಟರ್ ಕೊಂಡು, ಜಮೀನಿನ ಅತಿ ತಗ್ಗಿನ ಜಾಗದಲ್ಲಿ ಗೂಟ ನೆಟ್ಟು ಬೆಳೆಯ ಎತ್ತರಕ್ಕೆ ಕಟ್ಟಿ. ಮೇಲೆ ಸೂರು ಬೇಡ, ಅದು ಎಲೆಯಂತೆಯೇ ಆಕಾಶಕ್ಕೆ ತೆರೆದುಕೊಂಡಿರಲಿ. ಪ್ರತಿ ಬೆಳಿಗ್ಗೆ ಅದರ ಅಂಕಿಯನ್ನೂ ಹತ್ತಿರದ ಕೇಂದ್ರದ ಅಂಕಿಯನ್ನೂ ಅಕ್ಕಪಕ್ಕ ಬರೆಯಿರಿ. ರಾತ್ರಿ ಮೋಡವಿತ್ತೇ, ಗಾಳಿಯಿತ್ತೇ ಎಂಬುದನ್ನೂ ಸೇರಿಸಿ. ಮೋಡ, ಗಾಳಿ ಇದ್ದ ರಾತ್ರಿಗಳಲ್ಲಿ ಎರಡೂ ಅಂಕಿಗಳು ಹತ್ತಿರಹತ್ತಿರ ಬರುತ್ತವೆ. ತಿಳಿಯಾದ, ನಿಶ್ಚಲ ರಾತ್ರಿಗಳಲ್ಲಿ ಅಂತರ ಹಿಗ್ಗುತ್ತದೆ, ಮತ್ತು ಒಂದು ತಾಕಿಗೆ ಅದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ಉದಾಹರಣೆಗೆ ನಿಮ್ಮ ಅಂತರ 5 ಡಿಗ್ರಿ ಎಂದು ಗೊತ್ತಾಯಿತೆನ್ನಿ. ಮುನ್ಸೂಚನೆ ‘ತಿಳಿ ಆಕಾಶ, ಕನಿಷ್ಠ 4 ಡಿಗ್ರಿ’ ಎಂದರೆ ನಿಮ್ಮ ಹೊಲಕ್ಕೆ ಅದು ಶೂನ್ಯಕ್ಕಿಂತ 1 ಡಿಗ್ರಿ ಕೆಳಗೆ. ಇಷ್ಟು ಕರಾರುವಾಕ್ಕಾದ ಮಾತನ್ನು ಯಾವ ಆ್ಯಪ್ ಕೂಡ ನಿಮ್ಮ ತಾಕಿಗೆಂದು ಹೇಳಲಾರದು.

ಸಂಜೆಯ ಪರೀಕ್ಷೆ

ಈಶಾನ್ಯ ಹಿಂಗಾರು ಚುರುಕಾಗಿರುವಷ್ಟು ದಿನ ಬೆಟ್ಟದ ಮೇಲೆ ಮೋಡ ಕವಿದಿರುತ್ತದೆ, ಹಿಮದ ಭಯ ಕಡಿಮೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕರಗಿ, ಉತ್ತರದಿಂದ ಒಣಗಾಳಿ ಬೀಸಿ, ಆಕಾಶ ಥಟ್ಟನೆ ತೊಳೆದಂತಾದರೆ ಆ ವಾರ ಎಚ್ಚರ ವಹಿಸಿ. ಹಗಲು ಬಿಸಿಲು ಚುರುಕಾಗಿದೆ ಎಂದು ಮೋಸಹೋಗಬಾರದು.

ಒಣಗಾಳಿಯ ಪಾತ್ರ ದೊಡ್ಡದು. ಗಾಳಿಯಲ್ಲಿ ತೇವವಿದ್ದರೆ ಇಬ್ಬನಿ ಕಟ್ಟುವಾಗ ಶಾಖ ಹೊರಬರುತ್ತದೆ, ಉಷ್ಣತೆ ಇಳಿಯುವ ವೇಗ ತಗ್ಗುತ್ತದೆ. ಆದ್ದರಿಂದಲೇ ನಿಶ್ಚಲ ರಾತ್ರಿಯ ಕನಿಷ್ಠ ಉಷ್ಣತೆ ಅನೇಕ ಸಲ ಸಂಜೆಯ ‘ಇಬ್ಬನಿ ಬಿಂದು’ವಿನ (ಇಬ್ಬನಿ ಕಟ್ಟತೊಡಗುವ ಉಷ್ಣತೆಯ) ಆಸುಪಾಸಿನಲ್ಲಿ ನಿಲ್ಲುತ್ತದೆ. ಗಾಳಿ ತೀರಾ ಒಣಗಿದ್ದರೆ ಆ ತಡೆಯೂ ಇಲ್ಲ. ಬಿಳಿ ಪದರವೇ ಕಾಣದೆ ಎಲೆ ನೇರವಾಗಿ ಕಪ್ಪಾಗುತ್ತದೆ. ಗಾಳಿ ಎಷ್ಟು ಒಣಗಿದೆ ಎಂಬುದನ್ನು ಮನೆಯಲ್ಲಿಯೇ ಅಳೆಯಬಹುದು. ಎರಡು ಥರ್ಮಾಮೀಟರ್ ಜೊತೆಯಾಗಿ ತೂಗುಹಾಕಿ, ಒಂದರ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಬೀಸಣಿಗೆಯಿಂದ ಗಾಳಿ ಹಾಕಿ. ಒದ್ದೆಯದು ಎಷ್ಟು ಕೆಳಗಿಳಿಯುತ್ತದೋ ಗಾಳಿ ಅಷ್ಟು ಒಣಗಿದೆ.

ಎಲೆಯನ್ನು ಹೀಗೆ ಕಪ್ಪಾಗಿಸುವ ಚಳಿ ಎಷ್ಟು ನಷ್ಟ ತರಬಲ್ಲದು ಎಂಬುದಕ್ಕೆ ಬ್ರೆಜಿಲ್ ಉದಾಹರಣೆ. ಅಲ್ಲಿನ ಪರಾನಾ ರಾಜ್ಯದಲ್ಲಿ 1975ರ ಜುಲೈ ತಿಂಗಳ ಚಳಿಯನ್ನು ಅಲ್ಲಿನ ಜನ ಇಂದಿಗೂ ‘ಕಪ್ಪು ಹಿಮ’ ಎಂದೇ ಕರೆಯುತ್ತಾರೆ. ಮರುವರ್ಷ ಆ ರಾಜ್ಯದಲ್ಲಿ ಕಾಫಿ ಕೊಯ್ಲು ಇಲ್ಲವೇ ಇಲ್ಲ ಎನ್ನುವಂತಾಯಿತು. 2021ರ ಜುಲೈನಲ್ಲಿ ಅದೇ ದೇಶದ ಮಿನಾಸ್ ಜೆರೈಸ್‌ನಲ್ಲಿ ಹಿಮ ಬಿದ್ದಾಗ ಜಗತ್ತಿನ ಅರೇಬಿಕಾ ಬೆಲೆ ಜಿಗಿದದ್ದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ನೆನಪಿರುತ್ತದೆ.

ಆ ರಾತ್ರಿ ಏನು ಮಾಡಬೇಕು

ಹಿಂದಿನ ದಿನವೇ, ಮಧ್ಯಾಹ್ನದೊಳಗೆ, ನೆಲಕ್ಕೆ ಹದವಾಗಿ ನೀರು ಕೊಡಿ. ತೇವದ ಮಣ್ಣು ಹಗಲಿನ ಕಾವನ್ನು ಹೆಚ್ಚು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಸಾಲುಗಳ ನಡುವೆ ಹರಡಿದ ಒಣಹುಲ್ಲಿನ ಮುಚ್ಚಿಗೆಯನ್ನು ಆ ಕೆಲವು ದಿನ ಸರಿಸಿಬಿಡಿ. ಬೇರಿಗೆ ಬೆಚ್ಚಗೆ ಎಂದು ಹಾಕಿದ ಮುಚ್ಚಿಗೆ ಮಣ್ಣಿನ ಕಾವು ಮೇಲೇಳದಂತೆ ತಡೆಯುತ್ತದೆ, ಅದರ ಮೇಲಿರುವ ಎಲೆ ಇನ್ನಷ್ಟು ತಣ್ಣಗಾಗುತ್ತದೆ. ಹಿರಿಯ ರೈತರೂ ಈ ಮಾತನ್ನು ಒಪ್ಪಲು ಹಿಂಜರಿಯುತ್ತಾರೆ. ಒಂದು ಸಾಲಿನಲ್ಲಿ ತೆಗೆದು, ಪಕ್ಕದ ಸಾಲಿನಲ್ಲಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ಸಸಿಮಡಿ ಮತ್ತು ಎಳೆಯ ಚಹಾ ಗಿಡಕ್ಕೆ ಹೊದಿಕೆಯಷ್ಟು ನಂಬಿಕೆಯ ಉಪಾಯ ಬೇರೊಂದಿಲ್ಲ. ಬೆಟ್ಟದಲ್ಲಿ ಬೇಕಾದಷ್ಟು ಸಿಗುವ ಜರಿಗಿಡದ ಸೊಪ್ಪು, ಗೋಣಿತಟ್ಟು, ದಪ್ಪ ಬಟ್ಟೆ ಯಾವುದಾದರೂ ಆದೀತು. ತೆಳ್ಳನೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ನೆಲದ ಕಾವನ್ನು ಹೊರಗೆ ಬಿಟ್ಟುಬಿಡುತ್ತದೆ, ಅದೊಂದನ್ನೇ ನೆಚ್ಚಬೇಡಿ. ಹೊದಿಕೆ ಎಲೆಗೆ ತಾಗದಂತೆ ಕಡ್ಡಿ ಊರಿ, ಸೂರ್ಯ ಮುಳುಗುವ ಮೊದಲೇ ಹೊದಿಸಿ, ಬೆಳಿಗ್ಗೆ ತೆಗೆಯಿರಿ.

ಸ್ಪ್ರಿಂಕ್ಲರ್ ಇರುವವರು ಅರ್ಧ ತಿಳಿದು ಕೈಹಾಕುವುದು ಅಪಾಯ. ಒಂದು ಕಿಲೋ ನೀರು ಹೆಪ್ಪುಗಟ್ಟುವಾಗ 80 ಕಿಲೋ ಕ್ಯಾಲೊರಿ ಶಾಖ ಹೊರಬಿಡುತ್ತದೆ. ಎಲೆಯನ್ನು ಕಾಯುವುದು ಆ ಶಾಖವೇ. ಆದರೆ ಅದೇ ನೀರು ಆವಿಯಾದರೆ ಸುಮಾರು 600 ಕಿಲೋ ಕ್ಯಾಲೊರಿ ಹೀರಿಕೊಳ್ಳುತ್ತದೆ. ಆದ್ದರಿಂದ ಉಷ್ಣತೆ ಶೂನ್ಯಕ್ಕೆ ಇಳಿಯುವ ಮುನ್ನ ಶುರುಮಾಡಿ, ಬೆಳಿಗ್ಗೆ ಮಂಜುಗಡ್ಡೆ ಪೂರ್ತಿ ಕರಗುವವರೆಗೆ ನಿಲ್ಲಿಸದೆ ಹಾಯಿಸಬೇಕು. ನಡುರಾತ್ರಿ ಕರೆಂಟ್ ಹೋದರೆ ನೀರು ಹಾಕದ ಹೊಲಕ್ಕಿಂತ ನಿಮ್ಮ ಹೊಲಕ್ಕೇ ಹೆಚ್ಚು ಪೆಟ್ಟು. ಇಡೀ ರಾತ್ರಿಗೆ ನೀರೂ ವಿದ್ಯುತ್ತೂ ಖಾತರಿಯಿಲ್ಲದವರು ಈ ದಾರಿ ಹಿಡಿಯದಿರುವುದೇ ಕ್ಷೇಮ. ಅವರು ಸೂರ್ಯ ಹುಟ್ಟುವ ಮುನ್ನ ಎಲೆಯ ಮೇಲಿನ ಹಿಮವನ್ನು ಬಾವಿ ನೀರಿನಿಂದ ಚೆನ್ನಾಗಿ ತೊಳೆಯಲಿ. ಹಿಮಗಟ್ಟಿದ ಎಲೆಗೆ ನೇರ ಬಿಸಿಲು ಬಿದ್ದಾಗ ಸೀಯುವುದು ಹೆಚ್ಚು.

ಹೊಗೆ ಹಾಕುವುದರಿಂದ ಹೆಚ್ಚೇನೂ ಆಗುವುದಿಲ್ಲ. ನೆಲದ ಕಾವು ಆಕಾಶಕ್ಕೆ ಹೋಗುವುದನ್ನು ಹೊಗೆ ತಡೆಯಲಾರದು, ಮೇಲಾಗಿ ಬೆಳಗಿನ ಬಿಸಿಲನ್ನು ಅಡ್ಡಗಟ್ಟುತ್ತದೆ.

ಹಿಮ ಬಿದ್ದ ಮರುದಿನವೇ ಕತ್ತರಿ ಹಿಡಿದು ಹೊರಡಬೇಡಿ. ಯಾವ ರೆಂಬೆ ಸತ್ತಿದೆ, ಯಾವುದು ಚಿಗುರುತ್ತದೆ ಎಂದು ತಿಳಿಯಲು ಕೆಲವು ವಾರ ಬೇಕು. ಸವರಿದ ಕೂಡಲೇ ಬರುವ ಎಳೆಚಿಗುರನ್ನು ಮುಂದಿನ ಚಳಿ ಮತ್ತೆ ಸುಡುತ್ತದೆ. ತಗ್ಗಿನ ತಾಕಿಗೆ ಡಿಸೆಂಬರ್-ಜನವರಿಯಲ್ಲಿ ಆಲೂಗಡ್ಡೆ, ಬೀನ್ಸ್‌ಗಿಂತ ಕ್ಯಾರೆಟ್, ಎಲೆಕೋಸು ಮೇಲು. ಅವು ಚಳಿಯನ್ನು ಹೆಚ್ಚು ತಾಳುತ್ತವೆ. ಆಲೂಗಡ್ಡೆಯನ್ನು ಓರೆಯ ನಡುಮಟ್ಟಕ್ಕೆ ಒಯ್ಯಿರಿ.

ಕೊಡಗು, ಚಿಕ್ಕಮಗಳೂರಿನ ಕಣಿವೆಗಳಲ್ಲಿ ಉಷ್ಣತೆ ಶೂನ್ಯಕ್ಕೆ ಇಳಿಯುವುದು ಅಪರೂಪ. ಆದರೂ ತಗ್ಗಿನಲ್ಲಿ ಚಳಿ ಕಟ್ಟಿಕೊಳ್ಳುವ ರೀತಿ ಅಲ್ಲಿಯೂ ಇದೇ. ಬಾಳೆ, ರೊಬಸ್ಟಾ ಕಾಫಿಯಂಥ ಬೆಳೆಗಳಿಗೆ ಹಿಮ ಬೇಕಿಲ್ಲ, ಬರಿಯ ಚಳಿಯೇ ತೊಂದರೆ ಕೊಡುತ್ತದೆ. ನರ್ಸರಿಗೆ ಜಾಗ ಆರಿಸುವ ಮುನ್ನ ಅಲ್ಲಿನ ಬೆಳೆಗಾರರೂ ಒಂದು ಚಳಿಗಾಲ ಅಳತೆ ಮಾಡಿ ನೋಡುವುದು ಒಳ್ಳೆಯದು.

ಈ ವರ್ಷ ನವೆಂಬರ್ ಮುಗಿಯುವುದರೊಳಗೆ ಹೊಲದ ಅತಿ ತಗ್ಗಿನ ಮೂಲೆಗೆ ಥರ್ಮಾಮೀಟರ್ ಕಟ್ಟಿ, ಒಂದು ಪುಸ್ತಕದಲ್ಲಿ ಅಂಕಿ ಬರೆಯಲು ಶುರುಮಾಡಿ. ಆ ಪುಸ್ತಕವನ್ನು ನೆರೆಹೊರೆಯ ರೈತರಿಗೂ ನಿಮ್ಮ ಭಾಗದ ಕೃಷಿ ವಿಜ್ಞಾನ ಕೇಂದ್ರದವರಿಗೂ ತೋರಿಸಿ.