‘ಗೋರಿ’ ಎಂದರೆ ಯಾವ ಗೋರಿ?



ಟೂಮ್, ಮಾಸೊಲಿಯಮ್, ಕ್ರಿಪ್ಟ್, ಸೆನೊಟಾಫ್. ಈ ನಾಲ್ಕೂ ಇಂಗ್ಲಿಷ್ ಪದಗಳಿಗೆ ‘ಗೋರಿ’ ಎಂದು ಬರೆದು ಮುಂದೆ ಸಾಗುವುದು ರೂಢಿ. ಆದರೆ ಇವುಗಳ ವ್ಯತ್ಯಾಸವನ್ನು ನಮ್ಮೂರಿನ ಗೋಲಗುಮ್ಮಟದಲ್ಲೇ ಕಣ್ಣಾರೆ ನೋಡಬಹುದು.

1. ಟೂಮ್: ಗೋರಿ. ಚಿಕ್ಕದಕ್ಕೂ ದೊಡ್ಡದಕ್ಕೂ ಸಲ್ಲುವ ಸಾಮಾನ್ಯ ಪದ. ಕೊನೆಯ ‘ಬಿ’ ಅಕ್ಷರವನ್ನು ಬರೆಯಬೇಕು, ಉಚ್ಚರಿಸಬಾರದು.

2. ಮಾಸೊಲಿಯಮ್: ಗೋರಿಗಾಗಿ ಕಟ್ಟಿದ ಭವ್ಯ ಕಟ್ಟಡ. ಕ್ರಿ.ಪೂ. 4ನೇ ಶತಮಾನದ ಮಾಸೊಲಸ್ ಎಂಬ ಅರಸನ ಹೆಸರಿನಿಂದ ಬಂದ ಪದ. ಅವನ ಗೋರಿ ಇಂದಿನ ಟರ್ಕಿ ದೇಶದಲ್ಲಿತ್ತು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋಲಗುಮ್ಮಟ ಒಂದು ಮಾಸೊಲಿಯಮ್.

3. ಕ್ರಿಪ್ಟ್: ಗೋರಿಯಿರುವ ನೆಲಮಾಳಿಗೆ. ‘ಮರೆಯಾದದ್ದು’ ಎಂಬ ಅರ್ಥದ ಗ್ರೀಕ್ ಪದ ಇದರ ಮೂಲ.

4. ಸೆನೊಟಾಫ್: ಗ್ರೀಕ್ ಭಾಷೆಯಲ್ಲಿ ‘ಬರಿದಾದ ಗೋರಿ’, ಒಳಗೆ ದೇಹವಿಲ್ಲದ ಸ್ಮಾರಕ. ಗುಮ್ಮಟದ ಕೆಳಗೆ, ಎತ್ತರದ ಕಟ್ಟೆಯ ಮೇಲೆ ಕಾಣುವುದು ಇವೇ. ನಿಜವಾದ ಗೋರಿಗಳು ಅದರಡಿಯ ನೆಲಮಾಳಿಗೆಯಲ್ಲಿವೆ.

ಹೀಗಾಗಿ ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ‘ಸುಲ್ತಾನನನ್ನು ಈ ಸೆನೊಟಾಫಿನೊಳಗೆ ದಫನ್ ಮಾಡಲಾಗಿದೆ’ ಎಂದರೆ ವ್ಯಾಕರಣ ಸರಿ, ಸಂಗತಿ ತಪ್ಪು. ಪದದ ಅರ್ಥ ಬಲ್ಲೆವು ಎನ್ನಬೇಕಾದರೆ ಅದನ್ನು ಎಲ್ಲಿ ಬಳಸಬಾರದು ಎಂಬುದೂ ಗೊತ್ತಿರಬೇಕು.

ಅಭ್ಯಾಸ: ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳನ್ನು ಕಂಡವರು ನೀವು. ವಿನ್‌ಯಾರ್ಡ್, ಗ್ರೇಪ್, ರೇಸಿನ್ ಪದಗಳ ವ್ಯತ್ಯಾಸ ತಿಳಿಯುವಂತೆ ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯ ಬರೆದು ತರಗತಿಗೆ ತನ್ನಿ.